ಜೀವಕೋಶ ಪಾಠ: ಮೊದಲು ಚಲನೆ, ಆಮೇಲೆ ಚಿತ್ರ

1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ಚೂರಿನಲ್ಲಿ ಕಂಡದ್ದು ಸತ್ತ ಕೋಶಗಳ ಖಾಲಿ ಗೋಡೆಗಳನ್ನು. ಹೈಸ್ಕೂಲಿನ ಎಷ್ಟೋ ಮಕ್ಕಳ ಮನಸ್ಸಿನಲ್ಲಿ ಇವತ್ತಿಗೂ ಜೀವಕೋಶವೆಂದರೆ ಹಾಗೇ ನಿಂತ ಚಿತ್ರ. ಅದರೊಳಗೆ ಯಾವುದೂ ಸುಮ್ಮನಿರುವುದಿಲ್ಲ ಎಂದು ತೋರಿಸುವುದೇ ವಿಜ್ಞಾನ ಶಿಕ್ಷಕರ ಮೊದಲ ಕೆಲಸ.

1. ಹೈಡ್ರಿಲ್ಲಾದಿಂದ ಶುರು ಮಾಡಿ. ಬಣ್ಣ ಹಾಕಿದ ಈರುಳ್ಳಿ ಪೊರೆ ಆಮೇಲೆ ಇರಲಿ. ಕೆರೆಯ ಹೈಡ್ರಿಲ್ಲಾದ ಎಳೆಯ ಎಲೆಯೊಂದನ್ನು ನೀರಿನ ಹನಿಯಲ್ಲಿಟ್ಟು ಕೆಲವು ನಿಮಿಷ ಬೆಳಕಿಗೆ ಬಿಡಿ. ಸೂಕ್ಷ್ಮದರ್ಶಕದಲ್ಲಿ ಹಸಿರು ಕಣಗಳು ಗೋಡೆಯ ಅಂಚು ಹಿಡಿದು ಸಾಗುವುದು ಕಾಣುತ್ತದೆ. ಬೆಳಕು ಅತಿಯಾದರೆ ವಿವರ ಮಾಸುತ್ತದೆ, ಡಯಾಫ್ರಮ್ ತುಸು ಮುಚ್ಚಿ. "ಮಿಸ್, ಓಡ್ತಾ ಇದೆ!" ಎಂಬ ಕೂಗು ಎದ್ದರೆ ಅರ್ಧ ಪಾಠ ಆದ ಹಾಗೆ.

2. ಹತ್ತು ಲಕ್ಷ ಪಟ್ಟು ಹಿಗ್ಗಿಸಿ. ಮಕ್ಕಳನ್ನು ಆಟದ ಮೈದಾನಕ್ಕೆ ಕರೆದೊಯ್ಯಿರಿ. ನಮ್ಮ ಕೆನ್ನೆಯ ಒಳಗಿನ ಒಂದು ಕೋಶ ಅಷ್ಟು ಹಿಗ್ಗಿದರೆ ಸುಮಾರು 60 ಮೀಟರ್ ಅಗಲ. ಸುಣ್ಣದಪುಡಿಯಲ್ಲಿ ಗೆರೆ ಎಳೆಸಿ. ನಡುವಿನ ಕೋಶಕೇಂದ್ರ ಒಂದು ತರಗತಿಕೋಣೆಯಷ್ಟು, ಮೈಟೋಕಾಂಡ್ರಿಯಾ ಒಂದು ಮೇಜಿನಷ್ಟು, ರೈಬೋಸೋಮ್ ಒಂದು ನೆಲ್ಲಿಕಾಯಿ. ಕೋಶಪೊರೆಯ ದಪ್ಪ ಒಂದು ಸೆಂಟಿಮೀಟರೂ ಇಲ್ಲ. ಡಿಎನ್‌ಎ 2 ಮಿಲಿಮೀಟರ್ ದಪ್ಪದ ದಾರ, ಆದರೆ ಅದರ ಒಟ್ಟು ಉದ್ದ 2,000 ಕಿಲೋಮೀಟರ್! ಬೆಂಗಳೂರಿನಿಂದ ದೆಹಲಿ ಮುಟ್ಟುವಷ್ಟು ದಾರ ಒಂದು ಕೋಣೆಯೊಳಗೆ ಗೋಜಲಾಗದೆ ಕೂರಬೇಕು. ಹೇಗೆ ಸುತ್ತುತ್ತೀರಿ ಎಂದು ಅವರನ್ನೇ ಕೇಳಿ; ವರ್ಣತಂತು ಏಕೆ ಬೇಕೆಂಬ ಉತ್ತರ ಅವರಿಂದಲೇ ಬರುತ್ತದೆ.

3. ಅಭಿಸರಣೆಗೆ ಕೋಸಂಬರಿ ಸಾಕು. ಹೆಚ್ಚಿದ ಸೌತೆಕಾಯಿಗೆ ಉಪ್ಪು ಬೆರೆಸಿಡಿ, ಪಾಠ ಮುಗಿಯುವಷ್ಟರಲ್ಲಿ ನೀರು ಬಿಟ್ಟಿರುತ್ತದೆ. ಅಮ್ಮ ಬಡಿಸುವ ಮುಂಚೆಯಷ್ಟೇ ಉಪ್ಪು ಹಾಕುವುದೇಕೆಂದು ಕೇಳಿ.

4. ಮುದ್ದೆಯ ಹಿಂದೆ ಹೋಗಿ. "ಮೈಟೋಕಾಂಡ್ರಿಯಾ ಶಕ್ತಿಕೇಂದ್ರ" ಎಂಬ ಸಾಲು ಎಲ್ಲರಿಗೂ ಬಾಯಿಪಾಠ, ಅದರಿಂದ ಏನೂ ತಿಳಿಯುವುದಿಲ್ಲ. ರಾಗಿಯ ಪಿಷ್ಟ ಗ್ಲೂಕೋಸ್ ಆಗಿ ಕೋಶದೊಳಗೆ ಬರುತ್ತದೆ, ಕೋಶದ್ರವ್ಯದಲ್ಲಿ ಒಡೆಯುತ್ತದೆ. ಆ ಚೂರುಗಳು ಮೈಟೋಕಾಂಡ್ರಿಯಾ ಸೇರಿ, ಉಸಿರಿನ ಆಮ್ಲಜನಕದ ನೆರವಿನಿಂದ ಎಟಿಪಿ ತಯಾರಾಗುತ್ತದೆ. ಮೈದಾನ ಒಂದು ಸುತ್ತು ಓಡಿಸಿ. ಏದುಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್ ಎಲ್ಲಿಂದ ಬಂತು ಎಂದು ಆಗ ಹೇಳಿದರೆ ಮರೆಯುವುದಿಲ್ಲ.

5. "ಇದು ಇಲ್ಲದಿದ್ದರೆ?" ಎಂದು ಕೇಳಿ. ಬಲಿತ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವೂ ಇಲ್ಲ, ಮೈಟೋಕಾಂಡ್ರಿಯಾವೂ ಇಲ್ಲ. ಅದು ಸುಮಾರು 120 ದಿನ ಬದುಕುತ್ತದೆ. ಹೊಸ ಪ್ರೋಟೀನ್ ಮಾಡಿಕೊಳ್ಳಲಾಗದ ಕೋಶಕ್ಕೆ ಆಯುಷ್ಯ ಏಕೆ ಅಷ್ಟೇ? ಮಕ್ಕಳು ಚರ್ಚಿಸಲಿ, ನೀವು ಅವಸರಪಡಬೇಡಿ.

6. ಚಿತ್ರ ಕೊನೆಗೆ ಬರೆಸಿ. ಹೆಸರು ಮಾತ್ರ ಸಾಲದು. ಪ್ರತಿ ಭಾಗಕ್ಕೂ ಎರಡು ಬಾಣ ಇರಬೇಕು: ಒಳಗೆ ಏನು ಬರುತ್ತದೆ, ಹೊರಗೆ ಏನು ಹೋಗುತ್ತದೆ. ಬಾಣವಿಲ್ಲದ ಭಾಗಕ್ಕೆ ಅರ್ಧ ಅಂಕ ಮಾತ್ರ ಕೊಡಿ.