ಆಪತ್ತಿನಲ್ಲಿ ನೆರೆಯವನು
(ಸಭಾಕೂಟಗಳಲ್ಲಿ ಓದಿ ವಿಚಾರಿಸತಕ್ಕ ಪಾಠ)



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳಲ್ಲಿ ವಾಸಿಸುವ ನಮಗೆ ನೀರಿನಿಂದಾಗುವ ಎರಡು ಬಾಧೆಗಳೂ ಚೆನ್ನಾಗಿ ಗೊತ್ತು. ತುಂಗಭದ್ರೆಯು ಉಕ್ಕಿ ಬಂದರೆ ಗಂಗಾವತಿಯ ಕಡೆಯ ಗದ್ದೆಗಳು ಮುಳುಗುವವು. ಮುಂಗಾರು ತಪ್ಪಿದರೆ ಕುಷ್ಟಗಿ ಯಲಬುರ್ಗಾಗಳ ಒಣಹೊಲಗಳಲ್ಲಿ ಸಜ್ಜೆಯೂ ಜೋಳವೂ ತೆನೆ ಹಿಡಿಯುವ ಮೊದಲೇ ಬಾಡುವವು. ಒಂದು ವರುಷ ನೀರು ಹೆಚ್ಚಾಗಿ ಅಳುತ್ತೇವೆ, ಮತ್ತೊಂದು ವರುಷ ನೀರಿಲ್ಲದೆ ಅಳುತ್ತೇವೆ. ಇವೆರಡರ ಬೆನ್ನ ಹಿಂದೆಯೂ ರೋಗವು ಬರುವದು. ಇಂಥ ವೇಳೆಯಲ್ಲಿ ಸರಕಾರದ ಸಹಾಯವು ಬರುವದು ನಿಜ. ಆದರೆ ಅದು ಬಂದು ಮುಟ್ಟುವ ತನಕ ಒಂದೆರಡು ತಾಸು, ಕೆಲವು ಸಾರಿ ಒಂದೆರಡು ದಿವಸ, ಬಿದ್ದವನ ಹತ್ತಿರ ಇರುವವನು ನೆರೆಮನೆಯವನೇ. ಆ ವೇಳೆಯಲ್ಲಿ ಅವನು ಮಾಡುವದರಿಂದಲೋ ಮಾಡದೆ ಬಿಡುವದರಿಂದಲೋ ಒಂದು ಜೀವವು ಉಳಿಯುವದು, ಇಲ್ಲವೆ ಹೋಗುವದು. ಆದಕಾರಣ ಸಂಬಳವನ್ನು ನೋಡದೆ ರೋಗಿಗಳಿಗೂ ಆಪತ್ತಿಗೊಳಗಾದವರಿಗೂ ಮನಃಪೂರ್ವಕವಾಗಿ ಸಹಾಯ ಮಾಡುವ ಸ್ವಯಂಸೇವಕರ ಕೆಲಸವನ್ನು ಕುರಿತು ಈ ತಿಂಗಳಲ್ಲಿ ವಿಚಾರಿಸೋಣ.

೧. ಈ ಕೆಲಸವು ಹೇಗೆ ಆರಂಭವಾಯಿತು

ಕರುಣೆಯುಳ್ಳವರು ಎಲ್ಲಾ ಕಾಲಗಳಲ್ಲಿಯೂ ಇದ್ದರು. ಆದರೆ ಸ್ವಯಂಸೇವಕರನ್ನು ಮುಂಚಿತವಾಗಿಯೇ ಕೂಡಿಸಿ, ಕಲಿಸಿ, ಸಿದ್ಧಮಾಡಿ ಇಡಬೇಕೆಂಬ ಯೋಚನೆಯು ಲೋಕದಲ್ಲಿ ಹಬ್ಬಿದ್ದು ಜಿನೀವಾ ಪಟ್ಟಣದ ಹೆನ್ರಿ ಡ್ಯೂನಾಂಟ್ ಎಂಬ ವ್ಯಾಪಾರಿಯಿಂದ. ೧೮೫೯ನೇ ಜೂನ್ ೨೪ರಂದು ಇಟಲಿ ದೇಶದ ಸೊಲ್ಫೆರಿನೋ ಎಂಬಲ್ಲಿ ಮಹಾಯುದ್ಧವಾಯಿತು. ತನ್ನ ವ್ಯವಹಾರಕ್ಕಾಗಿ ಆ ಕಡೆಗೆ ಹೋಗಿದ್ದ ಡ್ಯೂನಾಂಟನು ಹತ್ತಿರದ ಕಾಸ್ತಿಲ್ಯೋನೆ ಎಂಬ ಊರಿಗೆ ಸಾವಿರಾರು ಗಾಯಾಳುಗಳು ಬಂದು ಬಿದ್ದದ್ದನ್ನು ಕಂಡನು. ವೈದ್ಯರು ಸಾಲಲಿಲ್ಲ, ಔಷಧ ಸಾಲಲಿಲ್ಲ. ಆಗ ಆ ಊರಿನ ಹೆಂಗಸರು ಅವರನ್ನು ದೇವಾಲಯದಲ್ಲಿ ಹುಲ್ಲಿನ ಮೇಲೆ ಮಲಗಿಸಿ, ನೀರು ಕುಡಿಸಿ, ಗಾಯಗಳನ್ನು ತೊಳೆದು ಬಟ್ಟೆ ಕಟ್ಟಿದರು. ಇವನು ಯಾವ ಅರಸನ ಸಿಪಾಯಿ ಎಂದು ಅವರು ಕೇಳಲಿಲ್ಲ. ಎಲ್ಲರೂ ಅಣ್ಣತಮ್ಮಂದಿರೇ ಅಂದರು.

ಡ್ಯೂನಾಂಟನು ತಾನು ಕಂಡದ್ದನ್ನು ೧೮೬೨ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಮರು ವರುಷ ಜಿನೀವಾದಲ್ಲಿ ಒಂದು ಮಂಡಲಿಯು ಹುಟ್ಟಿತು. ೧೮೬೪ರಲ್ಲಿ ಅನೇಕ ರಾಜ್ಯಗಳು ಗಾಯಾಳುಗಳನ್ನೂ ಅವರ ಸೇವಕರನ್ನೂ ಕಾಪಾಡುವ ಒಡಂಬಡಿಕೆಗೆ ರುಜು ಹಾಕಿದವು. ರೆಡ್ ಕ್ರಾಸ್ ಸಂಸ್ಥೆಯು ಹೀಗೆ ಬೆಳೆಯಿತು. ಹಿಂದೂದೇಶದಲ್ಲಿ ಅದು ೧೯೨೦ರ ಕಾಯಿದೆಯಿಂದ ಸ್ಥಾಪಿತವಾಯಿತು. ಕೊಪ್ಪಳದಲ್ಲಿಯೂ ಅದರ ಶಾಖೆಯೂ ರಕ್ತಭಂಡಾರವೂ ಉಂಟು. ಡ್ಯೂನಾಂಟನಾದರೋ ವ್ಯಾಪಾರದಲ್ಲಿ ಎಲ್ಲವನ್ನೂ ಕಳಕೊಂಡು ಬಹುಕಾಲ ಬಡತನದಲ್ಲಿದ್ದನು. ೧೯೦೧ರಲ್ಲಿ ಮೊದಲನೆಯ ನೊಬೆಲ್ ಶಾಂತಿ ಬಹುಮಾನದಲ್ಲಿ ಅವನಿಗೆ ಪಾಲು ಸಿಕ್ಕಿತು.

ಇದರಲ್ಲಿ ನಾವು ಎರಡು ಸಂಗತಿಗಳನ್ನು ಗಮನಿಸಬೇಕು. ಕಾಸ್ತಿಲ್ಯೋನೆಯ ಹೆಂಗಸರು ವೈದ್ಯರೂ ಅಲ್ಲ, ಧನವಂತರೂ ಅಲ್ಲ. ನಮ್ಮ ಹಾಗೆ ಊರಿನವರು. ಆದರೂ ಕಲಿತ ಕೈಗಳು ಇದ್ದಿದ್ದರೆ ಇನ್ನೂ ಅನೇಕರು ಉಳಿಯುತ್ತಿದ್ದರು ಎಂಬ ದುಃಖವೇ ಡ್ಯೂನಾಂಟನನ್ನು ಎಬ್ಬಿಸಿತು. ಕರುಣೆಗೆ ಪದವಿಯು ಬೇಡ. ಆದರೆ ಕರುಣೆಯೊಂದೇ ಸಾಲದು.

೨. ನಮ್ಮ ಸೀಮೆಯ ದೃಷ್ಟಾಂತಗಳು

೨೦೦೯ನೇ ಸಪ್ಟಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಬಿದ್ದ ಮಳೆಯಿಂದ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕಿಂತ ಹೆಚ್ಚು ಜನರು ಸತ್ತರು. ಬರಗಾಲಕ್ಕೆ ಅಂಜುವ ನಮ್ಮ ನಾಡಿನಲ್ಲಿ ಮಣ್ಣಿನ ಗೋಡೆಗಳು ನೆನೆದು ಮಲಗಿದವರ ಮೇಲೆ ಬಿದ್ದವು. ೨೦೧೯ನೇ ಆಗಸ್ಟಿನಲ್ಲಿ ತುಂಗಭದ್ರಾ ಆಣೆಕಟ್ಟಿನಿಂದ ಬಹಳ ನೀರು ಬಿಟ್ಟಾಗ, ಗಂಗಾವತಿ ಸೀಮೆಯ ವಿರುಪಾಪುರಗಡ್ಡೆಯಲ್ಲಿ ನೂರಾರು ಜನರು ಸಿಕ್ಕಿಬಿದ್ದರು. ಅವರನ್ನು ದೋಣಿಗಳಿಂದಲೂ ಹೆಲಿಕಾಪ್ಟರಿನಿಂದಲೂ ದಾಟಿಸಿದರು. ಆ ಕೆಲಸದಲ್ಲಿ ರಕ್ಷಕರ ದೋಣಿಯೇ ಒಮ್ಮೆ ಮಗುಚಿ, ಅದರಲ್ಲಿದ್ದವರು ಪ್ರವಾಹದಲ್ಲಿ ಕೊಚ್ಚಿಹೋದರು. ಆಮೇಲೆ ಅವರನ್ನು ಜೀವದಿಂದ ಹೊರಗೆ ತಂದರು. ೨೦೨೪ನೇ ಆಗಸ್ಟ್ ೧೦ರ ರಾತ್ರಿ ಅದೇ ಆಣೆಕಟ್ಟಿನ ೧೯ನೆಯ ಬಾಗಿಲು ಸರಪಣಿ ಹರಿದು ಕೊಚ್ಚಿಹೋಯಿತು. ದೊಡ್ಡ ಹಾನಿಯಾಗದೆ ಉಳಿದೆವು; ಆದರೂ ನದಿಯ ದಂಡೆಯಲ್ಲಿರುವವರು ಎಚ್ಚರವಾಗಿರಬೇಕೆಂಬದಕ್ಕೆ ಇದು ಸಾಕು.

ಬರಗಾಲದ ಕೆಲಸವು ಇಷ್ಟು ಗದ್ದಲದಿಂದ ನಡೆಯುವದಿಲ್ಲ. ಕುಷ್ಟಗಿಯ ಹತ್ತಿರವಿರುವ ನಿಡಶೇಸಿ ಕೆರೆಯ ಹೂಳನ್ನು ಜನರೇ ಹಣ ಕೂಡಿಸಿ ತೆಗೆದರು. ಹೂಳು ತುಂಬಿದ ಹಿರೇಹಳ್ಳವನ್ನು ಕೊಪ್ಪಳದ ಗವಿಮಠದ ಸ್ವಾಮಿಗಳು ಮುಂದೆ ನಿಂತು ಜನರ ಕೈಯಿಂದ ಶುದ್ಧಿ ಮಾಡಿಸಿದರು. ೨೦೨೧ನೇ ಮೇ ತಿಂಗಳಲ್ಲಿ ಕೊರೋನಾ ಜ್ವರದ ಎರಡನೆಯ ಅಲೆಯು ಬಂದು ಆಸ್ಪತ್ರೆಗಳಲ್ಲಿ ಹಾಸಿಗೆಯು ಸಿಕ್ಕದೆ ಹೋದಾಗ, ಅದೇ ಮಠದ ಕಟ್ಟಡದಲ್ಲಿ ೧೦೦ ಹಾಸಿಗೆಗಳ ಚಿಕಿತ್ಸಾಸ್ಥಾನವು ತೆರೆಯಲ್ಪಟ್ಟಿತು. ಕಾಸ್ತಿಲ್ಯೋನೆಯ ದೇವಾಲಯದಲ್ಲಿ ಆದದ್ದೇ ಇಲ್ಲಿಯೂ ಆಯಿತು. ಅನ್ಯಮತದವರು ಮಾಡಿದ ಒಳ್ಳೇ ಕೆಲಸವನ್ನು ಕಂಡರೆ ನಾವು ಸಂತೋಷದಿಂದ ಒಪ್ಪಿಕೊಂಡು, ಅವರಿಂದ ಕಲಿಯಬೇಕು.

ಇನ್ನು ನಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಮರೆಯಬಾರದು. ೨೦೦೫ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಯೋಜನೆಯಲ್ಲಿ ಈ ಸಹೋದರಿಯರು ಕ್ರಮವಾದ ಸಂಬಳವಿಲ್ಲದೆ ಗೌರವಧನಕ್ಕಾಗಿ ದುಡಿಯುವವರಾಗಿ ನೇಮಿಸಲ್ಪಟ್ಟರು. ೨೦೨೦ರಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡಿದ್ದಾಗ ಅವರೇ ಮನೆಮನೆಗೆ ಹೋಗಿ ಜ್ವರವನ್ನು ವಿಚಾರಿಸಿದರು. ೨೦೨೨ನೇ ಮೇ ತಿಂಗಳಲ್ಲಿ ಲೋಕ ಆರೋಗ್ಯ ಸಂಸ್ಥೆಯು ಅವರನ್ನು ಸನ್ಮಾನಿಸಿತು. ಆದರೆ ಅವಳು ನಮ್ಮ ಅಂಗಳಕ್ಕೆ ಬಂದಾಗ ಒಂದು ತಂಬಿಗೆ ನೀರು ಕೊಟ್ಟು ಕೂಡ್ರಿಸಿದವರು ನಮ್ಮಲ್ಲಿ ಎಷ್ಟು ಮಂದಿ?

ಸಾವಕಾಶವಾದ ಕೆಲಸದ ಫಲವನ್ನು ನಾರುಹುಣ್ಣಿನ ಚರಿತ್ರೆಯಲ್ಲಿ ಕಾಣಬಹುದು. ಮೆಟ್ಟಲಬಾವಿಗಳ ನೀರು ಕುಡಿದವರ ಕಾಲಿನಿಂದ ಒಂದು ವರುಷದ ಮೇಲೆ ನೂಲಿನಂಥ ಹುಳವು ಹೊರಡುತ್ತಿದ್ದದ್ದನ್ನು ಹಿರಿಯರು ಬಲ್ಲರು. ಇದಕ್ಕೆ ಔಷಧವಿರಲಿಲ್ಲ, ಲಸಿಕೆಯೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿರಿ, ಹುಣ್ಣಿರುವವರು ಬಾವಿಗೆ ಇಳಿಯಬೇಡಿರಿ ಎಂದು ಹಳ್ಳಿಹಳ್ಳಿಗೆ ಹೇಳುತ್ತಾ ತಿರುಗಿದವರಿಂದಲೂ ಕೊಳವೆಬಾವಿಗಳಿಂದಲೂ ಆ ರೋಗವು ಅಳಿಯಿತು. ೧೯೯೬ರಲ್ಲಿ ಈ ದೇಶದ ಕೊನೆಯ ರೋಗಿಯು ಕಾಣಿಸಿದನು. ೨೦೦೦ದಲ್ಲಿ ದೇಶವು ಅದರಿಂದ ಮುಕ್ತವಾಯಿತೆಂದು ಪ್ರಕಟವಾಯಿತು.

೩. ತಿಳುವಳಿಕೆಯಿಲ್ಲದ ಸಹಾಯವು ಕೇಡು ಮಾಡುವದು

ಹಾವು ಕಚ್ಚಿದವನ ಗಾಯವನ್ನು ಕೊಯ್ಯುವವನೂ, ಬಾಯಿಂದ ಹೀರುವವನೂ, ಹಗ್ಗದಿಂದ ಬಿಗಿಯಾಗಿ ಕಟ್ಟುವವನೂ ಪ್ರೀತಿಯಿಂದಲೇ ಮಾಡುತ್ತಾನೆ. ಆದರೆ ಹಾನಿಯನ್ನೇ ಮಾಡುತ್ತಾನೆ. ಕಚ್ಚಿಸಿಕೊಂಡವನನ್ನು ನಡೆಯಗೊಡದೆ, ಧೈರ್ಯ ಹೇಳಿ, ಕಚ್ಚಿದ ಕೈಕಾಲನ್ನು ಅಲ್ಲಾಡದಂತೆ ಇಟ್ಟು, ವಿಷಕ್ಕೆ ಪ್ರತಿಯಾದ ಔಷಧವಿರುವ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು. ಭತ್ತದ ಗದ್ದೆಗಳಲ್ಲಿ ದುಡಿಯುವ ಗಂಗಾವತಿಯ ಕಡೆಯವರು ಇದನ್ನು ಮಕ್ಕಳಿಗೂ ಕಲಿಸಬೇಕು. ೨೦೦೮ನೇ ನವೆಂಬರ್ ೧ರಿಂದ ನಮ್ಮ ರಾಜ್ಯದಲ್ಲಿರುವ ೧೦೮ರ ಬಂಡಿಯನ್ನು ಕರೆಯಲು ಹಣವು ಬೇಡ.

ನೀರಿನಲ್ಲಿ ಮುಳುಗುವವನನ್ನು ಕಂಡ ಕೂಡಲೇ ಹಾರಬಾರದು. ಕಲಿತವರ ದೋಣಿಯೇ ಮಗುಚಿದ ಹೊಳೆಯಲ್ಲಿ ಕಲಿಯದವನ ಗತಿ ಏನು? ಹಗ್ಗವನ್ನಾಗಲಿ, ಉದ್ದವಾದ ಗಳವನ್ನಾಗಲಿ, ಮುಚ್ಚಿದ ಬರಿ ಕೊಡವನ್ನಾಗಲಿ ಅವನ ಕಡೆಗೆ ಚಾಚಬೇಕು, ಎಸೆಯಬೇಕು. ಒಬ್ಬನ ಬದಲಾಗಿ ಇಬ್ಬರನ್ನು ಹೂಣಿಡುವದು ಸಹಾಯವಲ್ಲ.

ಪ್ರವಾಹವು ಇಳಿದ ಮೇಲೆ ವಾಂತಿಭೇದಿಯು ಬರುವದು. ೧೯೭೧ರಲ್ಲಿ ಪೂರ್ವ ಬಂಗಾಳದಿಂದ ಲಕ್ಷಾಂತರ ಜನರು ಓಡಿ ಬಂದಾಗ, ಬನಗಾಂವ್ ಎಂಬ ಊರಿನ ಬಿಡಾರದಲ್ಲಿ ವೈದ್ಯ ದಿಲೀಪ್ ಮಹಾಲನಬೀಸರು ಕಾಲರಾ ಹಿಡಿದವರ ಮಧ್ಯದಲ್ಲಿ ನಿಂತರು. ನರದೊಳಗೆ ಹಾಕುವ ನೀರು ಮುಗಿಯುತ್ತಾ ಬಂತು. ಆಗ ಅವರು ಸಕ್ಕರೆ, ಉಪ್ಪು, ಸೋಡಾಗಳನ್ನು ಅಳತೆಯಿಂದ ನೀರಿನಲ್ಲಿ ಕಲಸಿ, ರೋಗಿಗಳ ತಾಯಂದಿರ, ಅಕ್ಕತಂಗಿಯರ ಕೈಯಿಂದಲೇ ಕುಡಿಸಿದರು. ನೂರರಲ್ಲಿ ಮೂವತ್ತರ ಹತ್ತಿರ ಸಾಯುತ್ತಿದ್ದಲ್ಲಿ ನಾಲ್ವರಿಗಿಂತ ಕಡಿಮೆ ಸತ್ತರು. ಇದನ್ನು ನಾವೆಲ್ಲರೂ ಮಾಡಬಲ್ಲೆವು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಕ್ಕರೆ ೬ ಸಣ್ಣ ಚಮಚೆ, ಉಪ್ಪು ಅರ್ಧ ಚಮಚೆ, ಎರಡೂ ಅಂಚಿಗೆ ಸಮವಾಗಿ. ಹೆಚ್ಚು ಉಪ್ಪು ಅಪಾಯಕರ. ಮಗುವಿಗೆ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು, ಮೊಲೆಹಾಲನ್ನು ನಿಲ್ಲಿಸಬಾರದು. ಕಣ್ಣು ಒಳಗೆ ಸೇರಿದರೆ, ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಓಡಬೇಕು.

೪. ಮಾರ್ಗದಲ್ಲಿ ಬಿದ್ದವನು

ಕುಷ್ಟಗಿಯ ಮೇಲೆ ಹೋಗುವ ಹೆದ್ದಾರಿಯಲ್ಲಿ ಗಾಯಗೊಂಡವನನ್ನು ಕಂಡೂ, ಪೋಲೀಸರ ವಿಚಾರಣೆಗೆ ಅಂಜಿ ದಾಟಿ ಹೋಗುವವರು ಇದ್ದಾರೆ. ಇಂಥವರಿಗಾಗಿಯೇ ನಮ್ಮ ರಾಜ್ಯವು ೨೦೧೬ರಲ್ಲಿ ಒಂದು ಮಸೂದೆಯನ್ನು ಒಪ್ಪಿತು. ೨೦೧೯ರಲ್ಲಿ ಮೋಟಾರು ವಾಹನಗಳ ಕಾಯಿದೆಯೂ ತಿದ್ದಲ್ಪಟ್ಟಿತು. ಒಳ್ಳೇ ಮನಸ್ಸಿನಿಂದ ಸಹಾಯ ಮಾಡಿದವನ ಮೇಲೆ, ಗಾಯಾಳು ಸತ್ತರೂ, ದಾವೆ ಹೂಡಲಾಗದು; ಹೆಸರು ಹೇಳೆಂದು ಅವನನ್ನು ಬಲಾತ್ಕರಿಸಲಾಗದು. ಈ ಕಾಯಿದೆಯು ಅವನನ್ನು ಕರೆಯುವ ಹೆಸರು ಯಾವದು ಬಲ್ಲಿರಾ? ಒಳ್ಳೇ ಸಮಾರ್ಯದವನು ಎಂದೇ. ನಾವು ಚಿಕ್ಕಂದಿನಿಂದ ಕೇಳಿದ ಸಾಮ್ಯವು ಸರಕಾರದ ಪುಸ್ತಕದಲ್ಲಿ ಸೇರಿರುವಾಗ, ನಾವೇ ಓರೆಯಾಗಿ ದಾಟಿ ಹೋದರೆ ನಾಚಿಕೆಯಲ್ಲವೇ?

೫. ಪಕ್ಷಪಾತವೂ ಗಾಳವೂ ಬೇಡ

೧೮೭೬ರಿಂದ ೧೮೭೮ರ ವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ದಕ್ಷಿಣ ದೇಶದ ಮಿಶನ್‌ಗಳು ಹಸಿದವರಿಗೆ ಅನ್ನ ಕೊಟ್ಟವು. ಅದೇ ಕಾಲದಲ್ಲಿ ತೆಲುಗು ಸೀಮೆಯ ಓಂಗೋಲಿನಲ್ಲಿದ್ದ ಜಾನ್ ಕ್ಲೌ ಎಂಬ ಉಪದೇಶಕನು ಬಕಿಂಗ್‌ಹ್ಯಾಮ್ ಕಾಲುವೆಯನ್ನು ತೋಡುವ ಗುತ್ತಿಗೆಯನ್ನು ಹಿಡಿದು ಬಡವರಿಗೆ ಕೂಲಿ ದೊರಕಿಸಿದನು. ಆದರೆ ಬರವು ಇಳಿಯುವ ತನಕ, ಒಂದು ವರುಷಕ್ಕಿಂತ ಹೆಚ್ಚು ಕಾಲ, ಕೇಳಿ ಬಂದವರಿಗೂ ದೀಕ್ಷಾಸ್ನಾನವನ್ನು ಕೊಡಲಿಲ್ಲ. ರೊಟ್ಟಿಗಾಗಿ ಯಾರೂ ಬರಬಾರದೆಂಬದೇ ಅವನ ಭಾವ. ೧೯೯೪ರಲ್ಲಿ ರೆಡ್ ಕ್ರಾಸಿನವರೂ ಸಭೆಗಳ ಲೋಕಸಂಘದವರೂ ಮತ್ತಿತರರೂ ಕೂಡಿ ಒಪ್ಪಿದ ನಿಯಮಗಳಲ್ಲಿಯೂ ಇದೇ ಮಾತುಂಟು: ಕೊರತೆಯನ್ನು ನೋಡಿ ಕೊಡಬೇಕು, ಜಾತಿ ಮತಗಳನ್ನು ನೋಡಬಾರದು, ಸಹಾಯವನ್ನು ಯಾವ ಪಕ್ಷಕ್ಕೂ ಮತಕ್ಕೂ ಜನರನ್ನು ಎಳೆಯುವ ಗಾಳವಾಗಿ ಮಾಡಬಾರದು. ಅಕ್ಕಿಯ ಚೀಲಗಳು ಬಂದ ದಿವಸ ನಮ್ಮ ಸಭೆಯವರ ಹೆಸರುಗಳನ್ನೇ ಮೊದಲು ಬರೆಯುವ ಶೋಧನೆಯು ನಮಗೆ ಬರುವದು. ಆಗ ಊರ ಹೊರಗಿನ ಗುಡಿಸಲಲ್ಲಿರುವ ವಿಧವೆಯ ಹೆಸರು ಎಷ್ಟನೆಯದು ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

೬. ಈಗ ಮಾಡತಕ್ಕದ್ದು

ಆಪತ್ತು ಬಂದ ದಿವಸ ಕೂಟ ಸೇರುವದರಿಂದ ಪ್ರಯೋಜನವಿಲ್ಲ. ಮಳೆಗಾಲಕ್ಕೆ ಮುಂಚೆ ಪ್ರತಿ ಊರಲ್ಲಿ ನಾಲ್ಕೈದು ಮಂದಿ ಕೂಡಿ, ನಡೆಯಲಾರದ ಮುದುಕರು, ಬಸುರಿಯರು, ಕುರುಡರು ಯಾವ ಯಾವ ಮನೆಯಲ್ಲಿದ್ದಾರೆಂದು ಬರೆದಿಡಲಿ. ಒಂದು ಗಟ್ಟಿಯಾದ ಹಗ್ಗ, ಒಂದು ಬ್ಯಾಟರಿ, ಶುದ್ಧವಾದ ಬಟ್ಟೆ, ಉಪ್ಪುಸಕ್ಕರೆಯ ಪೊಟ್ಟಣಗಳು ಗೊತ್ತಾದ ಸ್ಥಳದಲ್ಲಿರಲಿ. ೧೮ ವರುಷ ತುಂಬಿದ, ೪೫ ಕಿಲೋಗ್ರಾಂಗಿಂತ ಕಡಿಮೆ ತೂಕವಿಲ್ಲದ ಆರೋಗ್ಯವಂತರು ರಕ್ತದಾನ ಮಾಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ತಾಯಿಗೆ ಆ ಒಂದು ಚೀಲವೇ ಜೀವವು. ಆಪತ್ತು ಕಳೆದ ಮೇಲೂ ಹೋಗಿ ವಿಚಾರಿಸುವವನು ನಿಜವಾದ ನೆರೆಯವನು. ಯಾಕಂದರೆ ಮನೆ ಬಿದ್ದವನ ಕಷ್ಟವು ನೀರು ಇಳಿದ ದಿವಸವೇ ಮುಗಿಯುವದಿಲ್ಲ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಕಾಸ್ತಿಲ್ಯೋನೆಯ ಹೆಂಗಸರಿಗೂ ನಮಗೂ ಯಾವ ವಿಷಯದಲ್ಲಿ ಹೋಲಿಕೆಯುಂಟು?
೨. ಉಪ್ಪುಸಕ್ಕರೆಯ ನೀರನ್ನು ಹೇಗೆ ಮಾಡಬೇಕು? ಇಬ್ಬರು ಎದ್ದು ಎಲ್ಲರ ಮುಂದೆ ಮಾಡಿ ತೋರಿಸಲಿ.
೩. ಹಾವು ಕಚ್ಚಿದಾಗ ನಮ್ಮ ಊರಲ್ಲಿ ಮಾಡುವ ಯಾವ ಪದ್ಧತಿಯನ್ನು ಬಿಡಬೇಕು?
೪. ಈ ರಾತ್ರಿ ಹೊಳೆಯು ಅಥವಾ ಹಳ್ಳವು ಉಕ್ಕಿದರೆ, ಮೊದಲು ಯಾರ ಮನೆಯ ಬಾಗಿಲನ್ನು ತಟ್ಟಬೇಕು? ತಟ್ಟುವವರು ಯಾರು?
೫. ನಮ್ಮ ಊರಲ್ಲಿ ಸಹಾಯವು ಎಂದೂ ಮುಟ್ಟದೆ ಹೋದ ಮನೆಯು ಯಾವದು?