ಬ್ಲಾಕ್ ಮಾಡಿದರೆ ಸಾಲದು, 1909ಕ್ಕೆ ದೂರು ಕೊಡಿ

2018ರ ಆಗಸ್ಟಿನ ಭೂಕುಸಿತ ಕಂಡ ಕೊಡಗಿನ ಮಾದಾಪುರ, ಹಟ್ಟಿಹೊಳೆ ಕಡೆಯವರು ಮಳೆಗಾಲದಲ್ಲಿ ಬರುವ ಕರೆಯನ್ನು ಎತ್ತದೆ ಬಿಡುವುದಿಲ್ಲ. ಸಿಗ್ನಲ್ ಸಿಗುವ ಜಾಗಕ್ಕೆ ಓಡಿ ಬಂದು ಎತ್ತಿದರೆ, "ಸಾರ್, ಪರ್ಸನಲ್ ಲೋನ್ ಬೇಕಾ?" ಬೈದು ಕಟ್ ಮಾಡುತ್ತಾರೆ, ನಂಬರ್ ಬ್ಲಾಕ್ ಮಾಡುತ್ತಾರೆ, ಸಿಟ್ಟಿಗೆ ಕರೆಯ ದಾಖಲೆಯನ್ನೂ ಅಳಿಸಿಬಿಡುತ್ತಾರೆ. ನನ್ನ ಕಕ್ಷಿದಾರರು ಸೋಲುವುದು ಇಲ್ಲೇ. ನಂಬರ್ ಮತ್ತು ದಿನಾಂಕ ಇಲ್ಲದೆ ದೂರು ನಿಲ್ಲುವುದಿಲ್ಲ. ಅದೂ ಕರೆ ಬಂದ 7 ದಿನದೊಳಗೆ ಕೊಡಬೇಕು. "ಹೋದ ತಿಂಗಳು ತುಂಬಾ ಕಾಟ ಇತ್ತು" ಎಂದು ಈಗ ಬಂದರೆ ನಾನೂ ಏನೂ ಮಾಡಲಾರೆ.

ಮೊದಲ ಕೆಲಸ ಸುಲಭ: ಪ್ರಚಾರದ ಕರೆ, ಸಂದೇಶ ಬೇಡ ಎಂದು ನೋಂದಾಯಿಸುವ ಡಿಎನ್‌ಡಿ (ಡು ನಾಟ್ ಡಿಸ್ಟರ್ಬ್) ಹಾಕಿಸಿಕೊಳ್ಳಿ. 1909ಕ್ಕೆ ಕರೆ ಮಾಡಿ, ಅಥವಾ ಇಂಗ್ಲಿಷ್ ಅಕ್ಷರದಲ್ಲಿ 'ಸ್ಟಾರ್ಟ್' ಎಂದು ಬರೆದು, ಜಾಗ ಬಿಟ್ಟು, 0 ಹಾಕಿ ಅದೇ ನಂಬರಿಗೆ ಮೆಸೇಜ್ ಕಳಿಸಿ. ಲ್ಯಾಂಡ್‌ಲೈನ್ ಇದ್ದವರು ಅದರಿಂದಲೇ 1909 ಒತ್ತಿ. ಇದಕ್ಕೆ ಶುಲ್ಕವಿಲ್ಲ. "ಡಿಎನ್‌ಡಿ ಹಾಕಿಸಿಕೊಡ್ತೀನಿ" ಎಂದು ಕಾಸು ಕೇಳುವ ಅಂಗಡಿಯವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆಧಾರ್ ಪ್ರತಿಯಂತೂ ಬೇಡವೇ ಬೇಡ.

ಡಿಎನ್‌ಡಿ ಹಾಕಿದ ಮಾತ್ರಕ್ಕೆ ಎಲ್ಲ ನಿಲ್ಲುವುದಿಲ್ಲ. ಬ್ಯಾಂಕಿನ ವಹಿವಾಟಿನ ಸಂದೇಶ, ಓಟಿಪಿ, ಸರ್ಕಾರದ ಸೂಚನೆ ಬರುತ್ತವೆ, ಬರಬೇಕು ಕೂಡ. ನೀವೇ ಒಪ್ಪಿಗೆ ಕೊಟ್ಟ ಕಂಪನಿಯೂ ಕರೆ ಮಾಡಬಹುದು. ಒಪ್ಪಿಗೆ ಯಾವಾಗ ಕೊಟ್ಟಿರಿ? ಜಾತ್ರೆಯಲ್ಲಿ ಲಕ್ಕಿ ಡ್ರಾ ಕೂಪನ್ ತುಂಬುವಾಗ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಅದಿರುತ್ತದೆ. ಅದನ್ನು ವಾಪಸ್ ಪಡೆಯುವ ಹಕ್ಕೂ ನಿಮಗಿದೆ. "ನೀವೇ ಒಪ್ಪಿದ್ದೀರಿ" ಎಂದರೆ, ಯಾವಾಗ, ಹೇಗೆ ಎಂದು ದಾಖಲೆ ಕೇಳಿ.

ಕಾನೂನಿನ ಪ್ರಕಾರ ಪ್ರಚಾರದ ಕರೆ 140ರಿಂದ ಶುರುವಾಗುವ ನಂಬರಿನಿಂದ ಬರಬೇಕು. ಸೇವೆ, ವಹಿವಾಟಿನ ಕರೆಗೆ 1600 ಸರಣಿ. ನಿಮ್ಮ ನನ್ನಂಥವರ ಹತ್ತಂಕಿಯ ಮೊಬೈಲ್ ನಂಬರಿನಿಂದ ಸಾಲ, ಸೈಟು ಮಾರುವವನು ನೋಂದಣಿಯೇ ಇಲ್ಲದವನು. ಅವನ ಮೇಲೆ ದೂರು ಕೊಡಲು ಡಿಎನ್‌ಡಿ ಇರಲೇಬೇಕೆಂದಿಲ್ಲ. 2025ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ನಿಯಮ ತಿದ್ದಿದ ಮೇಲಿನ ಮಾತಿದು. ಕಸ್ಟಮರ್ ಕೇರ್‌ನವರು ಈಗಲೂ "ಡಿಎನ್‌ಡಿ ಇಲ್ಲ, ಆಗಲ್ಲ, ಬ್ಲಾಕ್ ಮಾಡ್ಕೊಳ್ಳಿ" ಎಂದು ಸಾಗಹಾಕಿದರೆ ಜಗ್ಗಬೇಡಿ. ನಂಬರ್, ದಿನಾಂಕ, ಏನು ಮಾರಲು ಬಂದರು ಎಂಬುದನ್ನು ಹೇಳಿ, ದೂರಿನ ಸಂಖ್ಯೆ ಬರೆದುಕೊಂಡೇ ಫೋನ್ ಇಡಿ. ಟ್ರಾಯ್‌ನ ಡಿಎನ್‌ಡಿ ಆಪ್‌ನಲ್ಲೂ ದೂರು ಹಾಕಬಹುದು. ಬ್ಲಾಕ್ ಮಾಡುವುದಿದ್ದರೆ ಅದು ಆಮೇಲೆ.

"ಟ್ರಾಯ್‌ನಿಂದ ಮಾತಾಡ್ತಿದ್ದೇವೆ, ನಿಮ್ಮ ಸಿಮ್ ಬಂದ್ ಮಾಡ್ತೇವೆ" ಎಂಬ ಕರೆ ಮಾರಾಟದ್ದಲ್ಲ, ವಂಚನೆ. ಟ್ರಾಯ್ ಹಾಗೆ ಯಾರಿಗೂ ಕರೆ ಮಾಡುವುದಿಲ್ಲ. ಇದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ 'ಚಕ್ಷು' ವಿಭಾಗದಲ್ಲಿ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಒಬ್ಬರ ದೂರಿನಿಂದ ಏನಾದೀತು ಎಂದು ಕೇಳುವವರಿದ್ದಾರೆ. ನೋಂದಣಿಯಿಲ್ಲದ ಒಂದು ನಂಬರಿನ ಮೇಲೆ 10 ದಿನದಲ್ಲಿ 5 ದೂರು ಬಂದರೆ ಕ್ರಮ ಶುರುವಾಗಬೇಕು: ಮೊದಲ ಸಲ 15 ದಿನ ಅವನ ಹೊರಕರೆ ಬಂದ್, ಮತ್ತೆ ಮಾಡಿದರೆ ಒಂದು ವರ್ಷ ಸಂಪರ್ಕವೇ ಕಟ್. ಅದೇ ನಂಬರಿನಿಂದ ನಿಮ್ಮ ಅಕ್ಕಪಕ್ಕದವರಿಗೂ ಕರೆ ಬಂದಿದೆಯೇ ಕೇಳಿ, ಬಂದಿದ್ದರೆ ಅವರ ಕೈಯಲ್ಲೂ ಈ ವಾರವೇ ದೂರು ಕೊಡಿಸಿ.