ಮಕ್ಕಳ ಕ್ಯಾನ್ಸರ್: ಚಿಕಿತ್ಸೆ ನಡುವೆ ನಿಲ್ಲದಿರಲಿ

ಕ್ಯಾನ್ಸರ್ ಎಂಬುದು ವಯಸ್ಸಾದವರಿಗೆ, ಅದರಲ್ಲೂ ಹೊಗೆಸೊಪ್ಪು ಮೊದಲಾದ ದುಶ್ಚಟಗಳಿಗೆ ಒಳಗಾದವರಿಗೆ ಬರುವ ವ್ಯಾಧಿಯೆಂಬ ಭಾವನೆ ಜನಸಾಮಾನ್ಯರಲ್ಲಿ ಬಲವಾಗಿ ಬೇರೂರಿದೆ. ಆದುದರಿಂದ ಹಾಲುಗಲ್ಲದ ಕೂಸಿಗೆ ಈ ರೋಗ ತಗಲಿದೆಯೆಂದು ವೈದ್ಯರು ತಿಳಿಸಿದಾಗ ತಂದೆತಾಯಿಗಳಿಗೆ ಆಕಾಶವೇ ಕಳಚಿ ಬಿದ್ದಂತಾಗುತ್ತದೆ. ಆದರೆ ಮಕ್ಕಳ ಕ್ಯಾನ್ಸರುಗಳಲ್ಲಿ ಬಹುಪಾಲು ಗುಣಪಡಿಸಬಲ್ಲವುಗಳೆಂಬುದು ಇಂದು ನಿರ್ವಿವಾದ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ 19 ವರ್ಷದವರೆಗಿನ ಸುಮಾರು 4 ಲಕ್ಷ ಮಕ್ಕಳು ಈ ರೋಗಕ್ಕೆ ತುತ್ತಾಗುತ್ತಾರೆ. ಶ್ರೀಮಂತ ರಾಷ್ಟ್ರಗಳಲ್ಲಿ ಇವರ ಪೈಕಿ 100ಕ್ಕೆ 80ಕ್ಕಿಂತ ಹೆಚ್ಚು ಮಂದಿ ಗುಣಹೊಂದಿದರೆ, ವರಮಾನ ಕಡಿಮೆಯಿರುವ ಅನೇಕ ರಾಷ್ಟ್ರಗಳಲ್ಲಿ 30 ಮಂದಿಯೂ ಗುಣಹೊಂದುವುದಿಲ್ಲ. ಈ ಅಂತರಕ್ಕೆ ಔಷಧದ ಅಭಾವವೊಂದೇ ಕಾರಣವಲ್ಲ. ರೋಗವನ್ನು ತಡವಾಗಿ ಗುರುತಿಸುವುದು ಒಂದು ಕಾರಣ. ಆರಂಭಿಸಿದ ಚಿಕಿತ್ಸೆಯನ್ನು ನಡುವೆಯೇ ಕೈಬಿಡುವುದು ಇನ್ನೊಂದು. ಈ ಎರಡನೆಯ ಕಾರಣವನ್ನು ಕುರಿತು ವೈದ್ಯರೂ ರೋಗಿಗಳ ಹಿತರಕ್ಷಕರೂ ಒಂದೇ ಮಾತನ್ನಾಡುತ್ತಾರೆ.

ಮದರಾಸಿನ ಕೊಡುಗೆ

ಮಕ್ಕಳ ಕ್ಯಾನ್ಸರ್ ಚಿಕಿತ್ಸೆಯ ಇತಿಹಾಸದಲ್ಲಿ ಚೆನ್ನೈ ನಗರಕ್ಕೆ ಹೆಮ್ಮೆಯ ಸ್ಥಾನವಿದೆ. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಓದಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಮುಂದೆ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಸಂಶೋಧನೆಯ ನೇತೃತ್ವ ವಹಿಸಿದರು. ಅಲ್ಲಿ ಸಿದ್ಧವಾದ ಅಮಿನಾಪ್ಟೆರಿನ್ ಎಂಬ ಔಷಧವನ್ನು ಬೋಸ್ಟನ್ ನಗರದ ಡಾ. ಸಿಡ್ನಿ ಫಾರ್ಬರ್ ಅವರು ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ 16 ಮಕ್ಕಳಿಗೆ ಕೊಟ್ಟಾಗ 10 ಮಕ್ಕಳಲ್ಲಿ ತಾತ್ಕಾಲಿಕ ಸುಧಾರಣೆ ಕಂಡುಬಂದಿತು. 1948ರಲ್ಲಿ ಪ್ರಕಟವಾದ ಈ ಫಲಿತಾಂಶ ಆಧುನಿಕ ಕ್ಯಾನ್ಸರ್ ಔಷಧೋಪಚಾರಕ್ಕೆ ನಾಂದಿಯಾಯಿತು. ಅದೇ ವರ್ಗಕ್ಕೆ ಸೇರಿದ ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ.

ತಂಗಿಯನ್ನು ಕ್ಯಾನ್ಸರಿನಿಂದ ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ಸಂಕಲ್ಪದ ಫಲವಾಗಿ 1954ರಲ್ಲಿ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆ 12 ಹಾಸಿಗೆಗಳೊಡನೆ ಕಾರ್ಯಾರಂಭ ಮಾಡಿತು. ಅವರ ಪುತ್ರ ಡಾ. ಎಸ್. ಕೃಷ್ಣಮೂರ್ತಿ ಹಾಗೂ ಡಾ. ವಿ. ಶಾಂತಾ ಅವರು ಅದನ್ನು ಬೆಳೆಸಿದರು. ಮಕ್ಕಳಿಗಾಗಿಯೇ ಪ್ರತ್ಯೇಕ ಕ್ಯಾನ್ಸರ್ ವಿಭಾಗ ಅಲ್ಲಿ 1960ರಷ್ಟು ಹಿಂದೆಯೇ ಸ್ಥಾಪಿತವಾಯಿತು. 2021ರಲ್ಲಿ ನಿಧನರಾದ ಡಾ. ಶಾಂತಾ ಅವರು ಕ್ಯಾನ್ಸರ್ ಕುರಿತ ಭಯವನ್ನೂ ನಿರಾಶೆಯನ್ನೂ ಹೋಗಲಾಡಿಸಬೇಕೆಂದು ಜೀವನದುದ್ದಕ್ಕೂ ಪ್ರತಿಪಾದಿಸಿದರು.

1980ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸಹಯೋಗದೊಡನೆ ಅಡ್ಯಾರ್, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಮತ್ತು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಗಳಲ್ಲಿ ‘ಎಂ.ಸಿ.ಪಿ. 841’ ಎಂಬ ಏಕರೂಪದ ಚಿಕಿತ್ಸಾಕ್ರಮ ಜಾರಿಗೆ ಬಂದಿತು. ಅದಕ್ಕೆ ಮೊದಲು ಈ ಕೇಂದ್ರಗಳಲ್ಲಿ ರಕ್ತದ ಕ್ಯಾನ್ಸರಿನ ಮಕ್ಕಳಲ್ಲಿ 100ಕ್ಕೆ 20 ಮಂದಿ ಉಳಿಯುವುದೂ ಕಷ್ಟವಾಗಿತ್ತು. ಅನಂತರ ಆ ಸಂಖ್ಯೆ ಬಹಳಷ್ಟು ಏರಿತು. ಕ್ರಮಬದ್ಧ ಚಿಕಿತ್ಸೆ ನಮ್ಮ ದೇಶದಲ್ಲಿಯೂ ಫಲ ಕೊಡುತ್ತದೆಂಬುದಕ್ಕೆ ಇದೇ ಸಾಕ್ಷಿ.

ಗಮನಿಸಬೇಕಾದ ಚಿಹ್ನೆಗಳು

ಮಕ್ಕಳ ಕ್ಯಾನ್ಸರು ಸಾಮಾನ್ಯವಾಗಿ ಆಹಾರದಿಂದಾಗಲಿ ಅಭ್ಯಾಸದಿಂದಾಗಲಿ ಬರುವುದಲ್ಲ. ಅಂಟುರೋಗವಂತೂ ಅಲ್ಲವೇ ಅಲ್ಲ. ವಂಶಪಾರಂಪರ್ಯವಾಗಿ ಬರುವುದು ಕೆಲವೇ ಸಂದರ್ಭಗಳಲ್ಲಿ. ಮುಂಜಾಗ್ರತೆಯಿಂದ ತಡೆಯಲು ಸಾಧ್ಯವಿಲ್ಲದ ಕಾರಣ ಬೇಗ ಗುರುತಿಸುವುದೇ ದಾರಿ.

ಕಾರಣ ತಿಳಿಯದ ಜ್ವರ ವಾರಗಟ್ಟಲೆ ಮುಂದುವರಿಯುವುದು, ಮುಖ ಬಿಳಿಚಿಕೊಳ್ಳುವುದು, ಚರ್ಮದ ಮೇಲೆ ಕೆಂಪು ಚುಕ್ಕೆ ಅಥವಾ ನೀಲಿ ಕಲೆ ಏಳುವುದು, ಮೂಳೆ ನೋವಿನಿಂದ ಮಗು ನಡೆಯಲೊಲ್ಲದಿರುವುದು – ಇವು ರಕ್ತದ ಕ್ಯಾನ್ಸರಿನ ಸೂಚನೆಗಳಾಗಿರಬಹುದು. ಹೊಟ್ಟೆಯಲ್ಲಿ ಗಡ್ಡೆ, ಕರಗದೆ ಬೆಳೆಯುವ ಕೊರಳ ಗಂಟು, ಬೆಳಗಿನ ಹೊತ್ತು ವಾಂತಿಯೊಡನೆ ತಲೆನೋವು, ಕಣ್ಣಿನ ಪಾಪೆಯಲ್ಲಿ ಬಿಳಿಯ ಹೊಳಪು – ಇವೂ ಉಪೇಕ್ಷಿಸತಕ್ಕವಲ್ಲ. ಈ ಚಿಹ್ನೆಗಳಿದ್ದ ಮಾತ್ರಕ್ಕೆ ಕ್ಯಾನ್ಸರೇ ಎಂದು ಗಾಬರಿಯಾಗಬೇಕಿಲ್ಲ. ಪರೀಕ್ಷೆಯನ್ನು ಮಾತ್ರ ಮುಂದೂಡಬಾರದು.

ನಡುಹೊಳೆಯಲ್ಲಿ ದೋಣಿ ಬಿಡುವುದು

ಮಕ್ಕಳಲ್ಲಿ ಅತ್ಯಂತ ಸಾಮಾನ್ಯವಾದುದು ತೀವ್ರ ಲಿಂಫಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರು. ಇದರ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ನಾಲ್ಕೈದು ವಾರಗಳ ಉಗ್ರ ಔಷಧೋಪಚಾರದ ನಂತರ ಬಹುತೇಕ ಮಕ್ಕಳಲ್ಲಿ ಜ್ವರ ಇಳಿಯುತ್ತದೆ, ಮೈಗೆ ರಕ್ತ ಬರುತ್ತದೆ, ಆಟಪಾಟಗಳು ಮರಳುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೂ ರೋಗಕಣಗಳು ಕಾಣಸಿಗುವುದಿಲ್ಲ. ರೋಗ ವಾಸಿಯಾಯಿತೆಂದು ತಂದೆತಾಯಿಗಳು ಊರಿಗೆ ಮರಳುವ ಅಪಾಯವಿರುವುದು ಈ ಘಟ್ಟದಲ್ಲಿಯೇ. ಕಣ್ಣಿಗೆ ಕಾಣದಿದ್ದರೂ ಆಗ ಶರೀರದಲ್ಲಿ 100 ಕೋಟಿಯಷ್ಟು ರೋಗಕಣಗಳು ಉಳಿದಿರಬಹುದು. ಇವುಗಳನ್ನು ನಿರ್ಮೂಲ ಮಾಡುವುದಕ್ಕಾಗಿಯೇ ಮುಂದಿನ ಹಂತಗಳು, ಮನೆಯಲ್ಲಿ ತೆಗೆದುಕೊಳ್ಳುವ ಮಾತ್ರೆಗಳು ಇರುವುದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯಿದೆ. ಇಲ್ಲಿಯಾದರೋ ನಡುಹೊಳೆಯಲ್ಲಿಯೇ ದೋಣಿ ಬಿಟ್ಟಂತಾಗುತ್ತದೆ. ಮರುಕಳಿಸಿದ ರೋಗ ಮೊದಲಿನಷ್ಟು ಸುಲಭವಾಗಿ ಮಣಿಯುವುದಿಲ್ಲ.

ಚಿಕಿತ್ಸೆಯ ಅವಧಿಯಲ್ಲಿ ಮಗುವಿಗೆ ಜ್ವರ ಬಂದರೆ ಅದನ್ನು ತುರ್ತುಸ್ಥಿತಿಯೆಂದೇ ಭಾವಿಸಿ ಆಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಬಿಳಿಯ ರಕ್ತಕಣಗಳು ಕುಗ್ಗಿರುವಾಗ ಸಣ್ಣ ಸೋಂಕೂ ಪ್ರಾಣಾಂತಿಕವಾಗಬಲ್ಲದು. ವೈದ್ಯರಿಗೆ ತಿಳಿಸದೆ ನಾಟಿ ಔಷಧಗಳನ್ನು ಬೆರೆಸುವುದೂ ಅಪಾಯಕರ.

ಹಿತರಕ್ಷಕರ ದೃಷ್ಟಿ

ಚಿಕಿತ್ಸೆ ನಿಂತುಹೋದಾಗ ಪೋಷಕರನ್ನು ದೂರುವುದರಿಂದ ಪ್ರಯೋಜನವಿಲ್ಲವೆನ್ನುತ್ತಾರೆ ರೋಗಿಗಳ ಹಿತರಕ್ಷಕರು. ಪರಸ್ಥಳದಲ್ಲಿ ತಿಂಗಳುಗಟ್ಟಲೆ ವಸತಿ, ತಂದೆಯ ದುಡಿಮೆಯ ನಷ್ಟ, ಊರಿನಲ್ಲಿ ಬಿಟ್ಟುಬಂದ ಇತರ ಮಕ್ಕಳ ಚಿಂತೆ, ತಿಳಿಯದ ಭಾಷೆ – ಇವು ಔಷಧದ ವೆಚ್ಚದಷ್ಟೇ ಭಾರವಾದುವು. ಸ್ವತಃ ಕ್ಯಾನ್ಸರನ್ನು ಗೆದ್ದ ಪೂನಂ ಬಗಾಯಿ ಅವರು 2004ರಲ್ಲಿ ಆರಂಭಿಸಿದ ‘ಕ್ಯಾನ್‌ಕಿಡ್ಸ್’ ಇಂತಹ ಕುಟುಂಬಗಳಿಗೆ ನೆರವಾಗುತ್ತಿದೆ. 2006ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ‘ಸೇಂಟ್ ಜೂಡ್ ಇಂಡಿಯಾ’ ಚೆನ್ನೈಯನ್ನೂ ಒಳಗೊಂಡಂತೆ ಹಲವು ನಗರಗಳಲ್ಲಿ ಮಗು ಹಾಗೂ ಪೋಷಕರಿಗೆ ಉಚಿತ ವಸತಿ ಒದಗಿಸುತ್ತದೆ. ಶಸ್ತ್ರವೈದ್ಯೆ ಡಾ. ಪ್ರಿಯಾ ರಾಮಚಂದ್ರನ್ ಅವರು ಚೆನ್ನೈಯಲ್ಲಿ ಸ್ಥಾಪಿಸಿದ ‘ರೇ ಆಫ್ ಲೈಟ್’ ಪ್ರತಿಷ್ಠಾನ ಬಡಮಕ್ಕಳ ಚಿಕಿತ್ಸಾವೆಚ್ಚಕ್ಕೆ ನೆರವು ನೀಡುತ್ತದೆ.

ರೋಗದ ವಿಷಯವನ್ನು ಮಗುವಿನ ವಯಸ್ಸಿಗೆ ತಕ್ಕಂತೆ ತಿಳಿಸಬೇಕೆಂಬುದು ಇವರ ಇನ್ನೊಂದು ಅಭಿಪ್ರಾಯ. ಮುಚ್ಚಿಟ್ಟಷ್ಟೂ ಮಗುವಿನ ಭಯ ಹೆಚ್ಚುತ್ತದೆ. ಯಾವುದೋ ತಪ್ಪಿಗೆ ತನಗೆ ಶಿಕ್ಷೆಯಾಗಿದೆಯೆಂದು ಅದು ತಿಳಿಯುವುದೂ ಉಂಟು. ಓದು ನಿಲ್ಲಬಾರದು. ಕೂದಲು ಉದುರಿದ ಮಗುವನ್ನು ಸಹಪಾಠಿಗಳು ಸ್ನೇಹದಿಂದ ಕಾಣುವಂತೆ ಉಪಾಧ್ಯಾಯರು ನೋಡಿಕೊಳ್ಳಬೇಕು. ನೋವಿನ ಶಮನವು ಚಿಕಿತ್ಸೆಯ ಮೊದಲ ದಿನದಿಂದಲೇ ಸಲ್ಲಬೇಕಾದ ಹಕ್ಕು. ಗುಣವಾಗದ ಮಗುವಿಗಂತೂ ಅದೇ ಪರಮ ಉಪಚಾರ.

ಇಲ್ಲಿಯ ಕನ್ನಡಿಗರ ಪಾತ್ರ

ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಿದ್ದರೂ ಕನ್ನಡ ನಾಡಿನಿಂದ ಚೆನ್ನೈಗೆ ಬರುವ ಕುಟುಂಬಗಳಿಗೆ ಇಲ್ಲಿಯ ಕನ್ನಡಿಗರು ಆಸರೆಯಾಗಬಲ್ಲರು. ವೈದ್ಯರು ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಹೇಳಿದುದನ್ನು ಕನ್ನಡದಲ್ಲಿ ತಿಳಿಯಹೇಳುವುದು, ಮಾತ್ರೆಗಳ ವೇಳಾಪಟ್ಟಿಯನ್ನು ಕನ್ನಡದಲ್ಲಿ ಬರೆದುಕೊಡುವುದು ಸಣ್ಣ ಸೇವೆಯೇನಲ್ಲ. ಕಿರುಬಿಲ್ಲೆಗಳೆಂದು ಕರೆಯುವ ಪ್ಲೇಟ್‌ಲೆಟ್ಟುಗಳನ್ನು ಸಾಮಾನ್ಯವಾಗಿ 5 ದಿನಗಳಿಗಿಂತ ಹೆಚ್ಚು ಸಂಗ್ರಹಿಸಿಡಲಾಗದು. ಆದಕಾರಣ ರಕ್ತದಾನಿಗಳ ಪಟ್ಟಿಯೊಂದು ಸಂಘದಲ್ಲಿ ಸದಾ ಸಿದ್ಧವಿದ್ದರೆ ಉಪಕಾರ. ಕ್ಯಾನ್ಸರ್ ರೋಗಿಗೂ ಜೊತೆಗಾರರೊಬ್ಬರಿಗೂ ದೊರೆಯುವ ರೈಲು ರಿಯಾಯಿತಿ, ಸರ್ಕಾರದ ಆರೋಗ್ಯ ವಿಮೆ ಇವುಗಳ ಅರ್ಜಿ ತುಂಬಲು ನೆರವಾಗಬಹುದು.

2030ರ ವೇಳೆಗೆ ಕ್ಯಾನ್ಸರ್ ಪೀಡಿತ ಮಕ್ಕಳಲ್ಲಿ 100ಕ್ಕೆ 60 ಮಂದಿಯಾದರೂ ಬದುಕುಳಿಯಬೇಕೆಂಬ ಗುರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮುಂದಿರಿಸಿತು. ವೈದ್ಯರ ಜ್ಞಾನದಿಂದ ಚಿಕಿತ್ಸೆ ಆರಂಭವಾಗುತ್ತದೆ. ಅದು ಪೂರ್ಣವಾಗಬೇಕಾದರೆ ನೆರೆಹೊರೆಯ ಸಹಾಯಹಸ್ತವೂ ಬೇಕು. ಮಗುವೊಂದು ಕೊನೆಯ ಮಾತ್ರೆಯನ್ನು ನುಂಗುವ ತನಕ ಆ ಹಸ್ತ ಜೊತೆಗಿರಲಿ.